ಶಿಲುಬೆ ಗುರುತು ಹಾಕಿದ ಕಾರು

ಆಮೆನ್‌ನ ಸಂಕಟಕ್ಕೆಲ್ಲ ಮೂಲ ಅವನ ಬಲಗೈ. ಆ ಕೈ ಕಳ್ಳತನ ಮಾಡಿದ್ದಲ್ಲ, ಯಾರಿಗೂ ಹೊಡೆದದ್ದಲ್ಲ. ಚರ್ಚ್ ಕಂಡರೆ ಸಾಕು, ಅವನ ಅಪ್ಪಣೆಗೂ ಕಾಯದೆ ತಾನಾಗಿಯೇ ಎದ್ದು ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿ ಶಿಲುಬೆ ಗುರುತು ಹಾಕಿ ಕೆಳಗಿಳಿಯುತ್ತಿತ್ತು, ಅಷ್ಟೆ. ನಡೆದು ಹೋಗುವವನಿಗೆ ಇದರಿಂದ ಪುಣ್ಯ. ಕಾರು ಓಡಿಸುವವನಿಗೆ ಫೇಲು. ಡ್ರೈವಿಂಗ್ ಟೆಸ್ಟಿನಲ್ಲಿ ಅವನು ನಾಲ್ಕು ಸಲ ಫೇಲಾಗಿದ್ದ, ನಾಲ್ಕು ಸಲವೂ ಒಂದೇ ಜಾಗದಲ್ಲಿ. ಸಾರಿಗೆ ಕಚೇರಿಯನ್ನು ಕಟ್ಟಿದ ಪುಣ್ಯಾತ್ಮರು ಅದನ್ನು ಚರ್ಚಿನ ಪಕ್ಕದ ಬೀದಿಯಲ್ಲೇ ಕಟ್ಟಿದ್ದರು. ಟೆಸ್ಟಿಗೆ ಹೊರಟ ಕಾರು ಮರಿಯ ಮಾತೆಯ ಮುಂದೆ ಹಾಯದೆ ವಾಪಸ್ ಬರುವಂತೆಯೇ ಇರಲಿಲ್ಲ.

ಮೊದಲ ಸಲ ಅವನು ಕೈ ಮಾತ್ರ ಬಿಟ್ಟ. ಎರಡನೆಯ ಸಲ ಕೈಯ ಜೊತೆಗೆ ಕಣ್ಣೂ ಮುಚ್ಚಿದ. ಮೂರನೆಯ ಸಲ ಚರ್ಚಿನ ಬಾಗಿಲು ತೆರೆದಿತ್ತು, ಒಳಗೆ ಪರಮಪ್ರಸಾದದ ಮುಂದಿನ ದೀಪ ಕಂಡಿತು. ಭಕ್ತಿಯಿಂದ ಬಲಮಂಡಿ ಬಗ್ಗಿಸಿದ, ಪಾದದ ಕೆಳಗೆ ಆಕ್ಸಿಲರೇಟರ್ ಇತ್ತು. ನಾಲ್ಕನೆಯ ಸಲ ಹಲ್ಲು ಕಚ್ಚಿ ಕೈಯನ್ನೂ ಕಣ್ಣನ್ನೂ ಮಂಡಿಯನ್ನೂ ತಡೆದು ಮುಂದಕ್ಕೆ ದಾಟಿಬಿಟ್ಟ. ಆಮೇಲೆ ಮನಸ್ಸು ಚುರ್ ಎಂದಿತು. ತಾಯಿಯನ್ನು ಕಂಡೂ ಕಾಣದವನಂತೆ ಬಂದೆನಲ್ಲ ಎಂದುಕೊಂಡು ತಿರುವಿನಲ್ಲಿ ಕಾರು ನಿಲ್ಲಿಸಿ, ರಿವರ್ಸ್ ಹಾಕಿ, ಚರ್ಚಿನ ಮುಂದಕ್ಕೆ ವಾಪಸ್ ಬಂದು ಶಿಲುಬೆ ಗುರುತು ಹಾಕಿಕೊಂಡ. ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರು ಆ ದಿನ ಏನೂ ಬೈಯಲಿಲ್ಲ, ಹಾಳೆಯ ಮೇಲೆ ಗೀಟು ಎಳೆಯುವಾಗ ಪೆನ್ನಿನ ಮೊನೆ ಮಾತ್ರ ಮುರಿಯಿತು.

ಅವನ ನಿಜವಾದ ಹೆಸರನ್ನು ಜನ ಎಂದೋ ಮರೆತಿದ್ದರು. ಯಾರು ಏನು ಹೇಳಿದರೂ ಕೊನೆಗೆ "ಆಮೆನ್" ಎನ್ನುವ, ಅಂದರೆ ಹಾಗೇ ಆಗಲಿ ಎನ್ನುವ ಅಭ್ಯಾಸ ಅವನಿಗೆ. ಒಮ್ಮೆ ಹಲ್ಲಿನ ಡಾಕ್ಟರು "ಇದನ್ನ ಕೀಳಬೇಕಾಗಬಹುದು" ಎಂದಾಗಲೂ ಬಾಯಿತಪ್ಪಿ ಆಮೆನ್ ಎಂದು, ಗಟ್ಟಿಮುಟ್ಟಾದ ದವಡೆಹಲ್ಲೊಂದನ್ನು ಕಳೆದುಕೊಂಡು ಬಂದಿದ್ದ.

ಇಷ್ಟು ಸಲ ಬಿದ್ದರೂ ಅವನು ಬಿಡದಿರುವುದಕ್ಕೆ ಕಾರಣವಿತ್ತು. ಹನ್ನೆರಡು ವರ್ಷದಿಂದ ಬೇಕರಿಯ ಒಲೆಯ ಮುಂದೆ ನಿಂತು ನಿಂತು ಅವನ ಹುಬ್ಬು ಅರ್ಧ ಸುಟ್ಟಿತ್ತು. ಮುಂಗೈ ಮೇಲಿನ ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಬೇಕರಿಗೆ ಒಂದು ಬಿಳಿ ವ್ಯಾನಿತ್ತು, ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಮುಟ್ಟಿಸಲಿಕ್ಕೆ. ವ್ಯಾನಿಗೆ ಕಿಟಕಿಯಿತ್ತು, ಕಿಟಕಿಗೆ ಗಾಳಿಯಿತ್ತು. ಬೇರೆಯವರು ಸ್ವರ್ಗವನ್ನು ಹೇಗೆ ಕಲ್ಪಿಸಿಕೊಳ್ಳುತ್ತಾರೋ ಏನೋ, ಆಮೆನ್ ಮಾತ್ರ ಆ ಕಿಟಕಿಯ ಮೇಲೆ ಮೊಣಕೈ ಊರಿದ ಹಾಗೆ ಕಲ್ಪಿಸಿಕೊಳ್ಳುತ್ತಿದ್ದ. ಹಳೆಯ ಡ್ರೈವರು ಮಂಡಿನೋವೆಂದು ಐದನೆಯ ಟೆಸ್ಟಿನ ಹಿಂದಿನ ದಿನವಷ್ಟೇ ಕೆಲಸ ಬಿಟ್ಟಿದ್ದ. ಬೇಕರಿಯ ಯಜಮಾನರು ಹೇಳಿದ್ದು ಇಷ್ಟೇ:

"ನಾಳೆ ಸಂಜೆ ಒಳಗೆ ಲೈಸೆನ್ಸ್ ತಂದು ತೋರ್ಸು, ಬೀಗದ ಕೈ ನಿಂದು. ಇಲ್ಲಾಂದ್ರೆ ನನ್ನ ಭಾವಮೈದುನ ಕಾಯ್ತಾ ಇದಾನೆ."

ಟೆಸ್ಟಿನ ದಿನ ಬೆಳಗಾಗುವುದರೊಳಗೆ ಅವನ ಬಲಗೈ ಇಡೀ ಬೀದಿಯ ಸೊತ್ತಾಗಿತ್ತು. ಮೊದಲು ಅತ್ತೆ ಬಂದರು. ಮಂತ್ರಿಸಿದ ನೀರಿನ ಬಾಟಲಿ ತಂದು ಅಳಿಯನ ಬಲಗೈಯನ್ನು ಭುಜದಿಂದ ಬೆರಳಿನ ತುದಿಯವರೆಗೆ ತೊಳೆದರು.

"ಎಡಗೈಗೆ ಬೇಡವಾ ಅತ್ತೆ?" ಎಂದ ಆಮೆನ್.

"ಅದೇನೂ ತಪ್ಪು ಮಾಡಿಲ್ಲವಲ್ಲ. ನೀರು ದಂಡ ಯಾಕೆ?" ಎಂದರು ಅತ್ತೆ. ಆಮೇಲೆ ಪ್ರಯಾಣಿಕರ ಪಾಲಕ ಸಂತರ ಪದಕವೊಂದನ್ನು ಅವನ ಜೇಬಿಗೆ ಹಾಕಿ, ಅದು ಸಾಲದೆಂದು ಕೊರಳಿಗೆ ಜಪಸರವನ್ನೂ ಹಾಕಿದರು. "ಚರ್ಚ್ ಬಂದಾಗ ಮನಸಲ್ಲೇ ಗುರುತು ಹಾಕ್ಕೊಳ್ಳಿ. ತಾಯಿಗೆ ಅರ್ಥ ಆಗತ್ತೆ."

"ತಾಯಿಗೆ ಅರ್ಥ ಆಗತ್ತೆ, ಇವರ ಕೈಗೆ ಅರ್ಥ ಆಗಬೇಕಲ್ಲ," ಎಂದಳು ಹೆಂಡತಿ, ಅವನ ಶರ್ಟಿಗೆ ಇಸ್ತ್ರಿ ಹಾಕುತ್ತ. ನಾಲ್ಕು ಸಲ ಇದೇ ಶರ್ಟಿಗೆ ಇಸ್ತ್ರಿ ಹಾಕಿ ಅವಳ ಭಕ್ತಿ ಸ್ವಲ್ಪ ಸವೆದಿತ್ತು.

ಆಗ ಪಕ್ಕದ ಮನೆಯ ದರ್ಜಿ ಬೇಲಿಯ ಮೇಲಿಂದ ತಲೆ ಹಾಕಿದ. ಅವನು ಪಾದ್ರಿಗಳ ನಿಲುವಂಗಿ ಹೊಲಿಯುವವನು. ಒಂದೊಂದು ನಿಲುವಂಗಿಗೂ ಮೂವತ್ತಮೂರು ಗುಂಡಿ ಹೊಲಿದು, ಜಗತ್ತಿನ ಯಾವ ಕಷ್ಟವನ್ನಾದರೂ ಒಂದು ಗುಂಡಿಯಿಂದ ಬಗೆಹರಿಸಬಹುದು ಎಂಬ ನಂಬಿಕೆಗೆ ಬಂದಿದ್ದ.

"ಆ ಶರ್ಟ್ ಇಲ್ಲಿ ಕೊಡು ತಂಗಿ," ಎಂದ. "ರಾತ್ರಿಯೆಲ್ಲ ಯೋಚನೆ ಮಾಡಿದೀನಿ."

ಅರ್ಧ ಗಂಟೆಯಲ್ಲಿ ಶರ್ಟು ವಾಪಸ್ ಬಂತು. ಬಲತೋಳಿನ ತುದಿಗೆ ಕಪ್ಪು ಬಟ್ಟೆಯ ಪಟ್ಟಿಯೊಂದು ಸೇರಿತ್ತು, ಪಟ್ಟಿಯ ತುದಿಯಲ್ಲಿ ಗುಂಡಿ.

"ಕಾರಲ್ಲಿ ಕೂತ ಕೂಡಲೇ ಈ ಪಟ್ಟೀನ ಸ್ಟೀರಿಂಗ್ ಸುತ್ತ ತಂದು ಗುಂಡಿ ಹಾಕ್ಕೋ. ಕೈ ಏಳೋದೇ ಇಲ್ಲ. ಸ್ಟೀರಿಂಗೂ ಕಪ್ಪು, ಪಟ್ಟೀನೂ ಕಪ್ಪು, ಇನ್ಸ್‌ಪೆಕ್ಟರ್‌ಗೆ ಗೊತ್ತೇ ಆಗಲ್ಲ."

"ಕಿತ್ತು ಬಂದ್ರೆ?"

"ಇದು ಫಾದರ್ ನಿಲುವಂಗಿಗೆ ಅಂತ ತಂದ ಗುಂಡಿ. ಐದು ವರ್ಷದಿಂದ ಫಾದರ್ ಹೊಟ್ಟೇನ ತಡ್ಕೊಂಡಿರೋ ಜಾತಿಯದು. ನಿನ್ನ ಕೈ ಯಾವ ಲೆಕ್ಕ."

ಆಮೆನ್‌ಗೆ ಧೈರ್ಯ ಬಂತು. ಹೆಂಡತಿ ಮಾತ್ರ ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, ಶರ್ಟನ್ನು ಅವನಿಗೆ ತೊಡಿಸಿದಳು. ಗಂಡನ ಮುಖದಲ್ಲಿ ಅಷ್ಟು ಆಸೆ ಇದ್ದದ್ದನ್ನು ಅವಳು ಮದುವೆಯ ದಿನವೂ ನೋಡಿರಲಿಲ್ಲ.

ಹತ್ತು ಗಂಟೆಗೆ ಡ್ರೈವಿಂಗ್ ಶಾಲೆಯ ಮೇಷ್ಟ್ರು ತಮ್ಮ ಹಳೆಯ ಕಾರನ್ನು ಕಚೇರಿಯ ಮುಂದೆ ತಂದು ನಿಲ್ಲಿಸಿದರು. ಆಮೆನ್ ಕೂತ, ಪಟ್ಟಿ ಸುತ್ತಿದ, ಗುಂಡಿ ಹಾಕಿದ. ಪಕ್ಕದಲ್ಲಿ ಅದೇ ಇನ್ಸ್‌ಪೆಕ್ಟರು ಬಂದು ಕೂತರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಸ್ವಂತ ಮಗನನ್ನೇ ಮೂರು ಸಲ ಫೇಲು ಮಾಡಿದ ಕೀರ್ತಿ ಅವರದು. ಆಮೆನ್‌ನ ಮುಖ ನೋಡಿದ ಕೂಡಲೇ ಸೀಟು ಬೆಲ್ಟನ್ನು ಇನ್ನೊಂದು ಇಂಚು ಬಿಗಿ ಮಾಡಿಕೊಂಡರು.

"ಐದನೇ ಸಲವಾ?"

"ಹೌದು ಸಾರ್."

"ಹೊರಡಿ."

ಮೊದಲ ತಿರುವಿನಲ್ಲೇ ದರ್ಜಿಯ ಯೋಚನೆಯ ದೋಷ ಗೊತ್ತಾಯಿತು. ಸ್ಟೀರಿಂಗ್ ತಿರುಗಿದಷ್ಟೂ ಕೈ ಅದರ ಜೊತೆಗೇ ಹೋಗುತ್ತದೆ, ಕೈ ಹೋದ ಕಡೆಗೆ ಭುಜ ಹೋಗಲೇಬೇಕು. ಎಡಕ್ಕೆ ತಿರುಗುವ ಹೊತ್ತಿಗೆ ಆಮೆನ್‌ನ ತಲೆ ಇನ್ಸ್‌ಪೆಕ್ಟರ ಹೆಗಲಿಗೆ ತಾಗಿತು.

"ಯಾಕ್ರೀ ಹೀಗೆ ಮೈಮೇಲೆ ಬೀಳ್ತೀರಿ?"

"ತಿರುವು ಸ್ವಲ್ಪ ಜಾಸ್ತಿ ಸಾರ್."

ಆದರೂ ಉಳಿದದ್ದೆಲ್ಲ ಸರಿಯಾಗಿಯೇ ನಡೆಯಿತು. ಗೇರು ಕಿರುಚಲಿಲ್ಲ. ದಾರಿಗೆ ಅಡ್ಡ ಬಂದ ಮುದುಕಿಯೊಬ್ಬಳಿಗೆ ನಿಂತು ದಾರಿ ಬಿಟ್ಟ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಎತ್ತಿದ. ಇನ್ಸ್‌ಪೆಕ್ಟರ ಪೆನ್ನು ಹಾಳೆಯ ಮೇಲೆ ಮೊದಲ ಬಾರಿಗೆ ಸರಿ ಗುರುತು ಹಾಕಿತು. ಅದನ್ನು ಓರೆಗಣ್ಣಿನಲ್ಲಿ ನೋಡಿದ ಆಮೆನ್‌ಗೆ ಕಿಟಕಿಯ ಗಾಳಿ ಆಗಲೇ ಮುಖಕ್ಕೆ ಬಡಿದ ಹಾಗಾಯಿತು.

ಆಮೇಲೆ ಚರ್ಚ್ ಬಂತು.

ಅವನು ನೋಡಬಾರದೆಂದೇ ಇದ್ದ. ಉಸಿರು ಬಿಗಿಹಿಡಿದ, ಅತ್ತೆ ಹೇಳಿದಂತೆ ಮನಸ್ಸಿನಲ್ಲೇ "ಪಿತನ" ಎಂದ. ಮೂವತ್ತೆಂಟು ವರ್ಷದಿಂದ ಪಿತನ ಎಂದ ಕೂಡಲೇ ಹಣೆಗೆ ಹೋಗಿ ಅಭ್ಯಾಸವಿದ್ದ ಕೈ, ಮನಸ್ಸು ಯಾವುದು ಬಾಯಿ ಯಾವುದು ಎಂದು ವಿಚಾರಿಸಲು ಹೋಗಲಿಲ್ಲ. ಮೇಲಕ್ಕೆ ಎದ್ದಿತು. ಗುಂಡಿ ಕಿತ್ತು ಬರಲಿಲ್ಲ. ಕೈಯ ಜೊತೆ ಸ್ಟೀರಿಂಗೂ ಎದ್ದಿತು, ಕಾರು ಎಡಕ್ಕೆ ಹಾರಿತು. "ಸುತನ" ಎಂದು ಕೈ ಎದೆಗೆ ಇಳಿಯಿತು, ಕಾರು ಬಲಕ್ಕೆ ಬಂತು. ಒಮ್ಮೆ ಶುರುವಾದ ಶಿಲುಬೆ ಗುರುತನ್ನು ಅರ್ಧಕ್ಕೆ ನಿಲ್ಲಿಸಿ ಆಮೆನ್‌ಗೆ ಗೊತ್ತೇ ಇರಲಿಲ್ಲ. "ಪವಿತ್ರಾತ್ಮರ" ಎಂದು ಇನ್ನೊಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ. ಹೀಗೆ ರಸ್ತೆಯ ಎರಡು ಅಂಚನ್ನೂ ಎರಡೆರಡು ಸಲ ಮುಟ್ಟಿ, ಮೇಷ್ಟ್ರ ಹಳೆಯ ಕಾರು ಹಾಡಹಗಲಲ್ಲಿ ಚರ್ಚಿನ ಮುಂದೆ ಸಾಂಗವಾಗಿ ಶಿಲುಬೆ ಗುರುತು ಹಾಕಿಕೊಂಡಿತು.

ಅಷ್ಟರಲ್ಲಿ ಎದುರಿನಿಂದ ಏನೋ ದೊಡ್ಡದು, ಉದ್ದಕ್ಕೂ ಹಾರ್ನು ಒತ್ತಿಕೊಂಡು ಬಂತು. ಆಮೆನ್ ಕಣ್ಣು ಮುಚ್ಚಿದ. ಸಾಯುವ ಹೊತ್ತಿನಲ್ಲಿ ಮನುಷ್ಯ ತನಗೆ ಅತಿ ಪ್ರಿಯವಾದದ್ದನ್ನು ಕೊಟ್ಟು ಜೀವ ಕೇಳುತ್ತಾನೆ. ಅವನೂ ಕೇಳಿದ: "ತಾಯೀ, ಇದೊಂದು ಸಲ ಉಳಿಸು. ಬದುಕಿರೋವರೆಗೂ ಇನ್ನು ಸ್ಟೀರಿಂಗ್ ಮುಟ್ಟಲ್ಲ."

ಕಾರು ನಿಂತಿತು. ಕಣ್ಣು ಬಿಟ್ಟರೆ ಚರ್ಚಿನ ಕಾಂಪೌಂಡ್ ಗೋಡೆ ಒಂದು ಗೇಣು ದೂರದಲ್ಲಿತ್ತು. ಎದುರಿನಿಂದ ಬಂದದ್ದು ಎತ್ತ ಹೋಯಿತೋ, ರಸ್ತೆಯ ಮೇಲೆ ಧೂಳು ಮಾತ್ರ ಇತ್ತು. ಇನ್ಸ್‌ಪೆಕ್ಟರು ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ಕೂತಿದ್ದರು. ಆಮೇಲೆ ಬೆಲ್ಟು ಬಿಚ್ಚಿ, ಇಳಿದು, ಕಚೇರಿಯ ಕಡೆಗೆ ನಡೆದೇ ಹೊರಟರು. ಆಮೆನ್ ಗುಂಡಿ ಬಿಚ್ಚಿಕೊಂಡು ಅವರ ಹಿಂದೆ ನಡೆದ. ಹರಕೆ ಆಗಲೇ ಜಾರಿಗೆ ಬಂದಿದ್ದರಿಂದ ಕಾರನ್ನು ಅಲ್ಲೇ ಬಿಟ್ಟ.

ದಾರಿಯುದ್ದಕ್ಕೂ ಅವನಿಗೆ ದುಃಖವಾಯಿತು, ನಿಜವಾಗಿಯೂ ಆಯಿತು. ಕಿಟಕಿಯೂ ಹೋಯಿತು, ಗಾಳಿಯೂ ಹೋಯಿತು, ನಾಳೆಯಿಂದ ಮತ್ತೆ ಒಲೆ. ಆದರೆ ಕಚೇರಿ ಹತ್ತಿರವಾದಂತೆ ಒಂದು ಸಮಾಧಾನವೂ ಮೂಡಿತು. ಹೇಗೂ ಫೇಲು. ಫೇಲಾದವನು ಸ್ಟೀರಿಂಗ್ ಮುಟ್ಟದಿದ್ದರೆ ಯಾಕೆಂದು ಯಾರು ಕೇಳುತ್ತಾರೆ? ಹರಕೆಯ ಮಾತು ತಾಯಿಗೂ ತನಗೂ ನಡುವೆಯೇ ಉಳಿಯುತ್ತದೆ, ಅತ್ತೆಯ ಕಿವಿಗೆ ಬೀಳುವುದಿಲ್ಲ.

ಇನ್ಸ್‌ಪೆಕ್ಟರು ಮೇಜಿನ ಹಿಂದೆ ಕೂತು ಎರಡು ಲೋಟ ನೀರು ಕುಡಿದರು. ಹಾಳೆಗೆ ಸಹಿ ಹಾಕಿ, ಮೊಹರು ಒತ್ತಿ, ಅವನ ಮುಂದೆ ನೂಕಿದರು. ಹಾಳೆಯ ಮೇಲೆ 'ಪಾಸ್' ಎಂದಿತ್ತು.

"ಸಾರ್, ಬೇರೆ ಯಾರದ್ದೋ ಹಾಳೆ ಅನ್ಸತ್ತೆ."

"ನಿಮ್ಮದೇ."

"ನಾನು ಗೋಡೆಗೆ ಗುದ್ದೋದ್ರಲ್ಲಿದ್ದೆ ಸಾರ್."

"ಗೊತ್ತು. ನಾನೂ ಒಳಗೇ ಇದ್ದೆ."

ಇನ್ಸ್‌ಪೆಕ್ಟರು ಮೂರನೆಯ ಲೋಟ ನೀರು ಕುಡಿದು ಧ್ವನಿ ತಗ್ಗಿಸಿದರು. "ಇಪ್ಪತ್ತಾರು ವರ್ಷ ಆ ಚರ್ಚ್ ಮುಂದೆ ದಿನಕ್ಕೆ ಹತ್ತು ಸಲ ಹೋಗಿದೀನ್ರೀ. ಒಂದು ದಿನ ತಲೆ ಎತ್ತಿ ನೋಡಿದವನಲ್ಲ. ಇವತ್ತು ನೋಡಿದೆ. ಗೋಡೆ ಮೇಲಿನ ತಾಯಿ ಪ್ರತಿಮೆ ನನ್ನ ಕಡೇಗೇ ಓಡಿ ಬರ್ತಾ ಇತ್ತು. ಜೀವ ಉಳಿಸಮ್ಮ, ಇವನನ್ನ ಪಾಸ್ ಮಾಡ್ತೀನಿ ಅಂದುಬಿಟ್ಟೆ."

"ಬೇರೆ ಏನಾದ್ರೂ ಅನ್ನಬಹುದಿತ್ತಲ್ಲ ಸಾರ್. ಒಂದು ಮೇಣದಬತ್ತಿ ಅಂತ."

"ಮೇಣದಬತ್ತಿ ಎಲ್ರೂ ಕೊಡ್ತಾರೆ. ಹರಕೆ ಅಂದ್ಮೇಲೆ ನಮಗೆ ಯಾವುದು ಕಷ್ಟವೋ ಅದನ್ನ ಕೊಡಬೇಕಲ್ವೇನ್ರೀ? ನನಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ."

ಆಮೆನ್ ಮೇಜಿನ ಅಂಚು ಹಿಡಿದುಕೊಂಡ. "ಸಾರ್, ದಯವಿಟ್ಟು ಫೇಲ್ ಮಾಡಿ. ನಾನೂ ಅದೇ ಹೊತ್ತಿಗೆ ಅದೇ ತಾಯಿಗೆ ಇನ್ನು ಸ್ಟೀರಿಂಗ್ ಮುಟ್ಟಲ್ಲ ಅಂತ ಹೇಳಿದೀನಿ. ಈ ಹಾಳೆ ಇಟ್ಕೊಂಡು ನಾನೇನು ಮಾಡ್ಲಿ?"

"ಅದು ನಿಮ್ಮ ಹರಕೆ. ನನ್ನದು ಮುಗೀತು." ಇನ್ಸ್‌ಪೆಕ್ಟರು ಎದ್ದು ಬಾಗಿಲು ತೋರಿಸಿದರು. "ಫೇಲ್ ಮಾಡೋ ಆಸೆ ನನಗೆ ಇನ್ನೂ ಹೋಗಿಲ್ಲ, ಮನಸು ಬದಲಾಗೋದ್ರೊಳಗೆ ಹೊರಡಿ."

ಹೊರಗೆ ಗೇಟಿನ ಬಳಿ ಹೆಂಡತಿ, ಅತ್ತೆ, ದರ್ಜಿ ಮೂವರೂ ಕಾಯುತ್ತಿದ್ದರು. ಹಾಳೆ ನೋಡಿದ ಕೂಡಲೇ ಅತ್ತೆ ಅದು ಮಂತ್ರಿಸಿದ ನೀರಿನ ಮಹಿಮೆ ಎಂದರು. ದರ್ಜಿ ಗುಂಡಿಯದ್ದು ಎಂದ. ಅವರಿಬ್ಬರ ವಾದ ಒಂದು ಹಂತಕ್ಕೆ ಬರುವವರೆಗೆ ಕಾದು ಆಮೆನ್ ನಡೆದದ್ದನ್ನು ಹೇಳಿದ.

"ತಾಯಿಗೆ ಕೊಟ್ಟ ಮಾತು," ಎಂದರು ಅತ್ತೆ. "ನಮ್ಮ ಮನೇಲಿ ಯಾರೂ ಮುರಿದಿಲ್ಲ."

"ಮುರಿಯೋದು ಬೇಡ, ಬಿಚ್ಚಿಸಿಕೊಂಡು ಬರಲಿ," ಎಂದಳು ಹೆಂಡತಿ. "ರೀ, ಫಾದರ್ ಹತ್ರ ಹೋಗಿ. ಅವರು ಮದುವೆ ಕಟ್ಟಿದ್ರೆ ಬಿಚ್ಚಲ್ಲ ನಿಜ. ಹರಕೆ ಬಿಚ್ತಾರೆ ಅಂತ ಕೇಳಿದೀನಿ."

ಫಾದರ್ ಎಂದರೆ ಆಮೆನ್‌ಗೆ ಸ್ವಲ್ಪ ಭಯವೇ. ಪಾಪನಿವೇದನೆಗೆ ಹೋದರೆ ಚಿಕ್ಕ ಸುಳ್ಳಿಗೂ ಹತ್ತು ನಮೋ ಮರಿಯ ಜಪದ ಶಿಕ್ಷೆ ಕೊಡುವ ಗಟ್ಟಿ ಆಸಾಮಿ ಅವರು. ಆದರೆ ಆ ಮಧ್ಯಾಹ್ನ ಅವರ ಮುಖ ಹಬ್ಬದಂತಿತ್ತು. ಚರ್ಚಿನ ಪಕ್ಕದ ತಮ್ಮ ಮನೆಯ ಹಿಂದಿನ ಕಿಟಕಿಯ ಬಳಿ ನಿಂತು ಅಂಗಳದ ಕಡೆ ನೋಡುತ್ತ, ಬೆರಳಿಗೆ ಸಿಕ್ಕಿಸಿಕೊಂಡ ಬೀಗದ ಕೈಯೊಂದನ್ನು ಗಿರಗಿರ ತಿರುಗಿಸುತ್ತ, ಏನೋ ಗುನುಗುತ್ತಿದ್ದರು. ಆಮೆನ್ ತನ್ನ ಹರಕೆಯನ್ನೂ ಇನ್ಸ್‌ಪೆಕ್ಟರ ಹರಕೆಯನ್ನೂ ಬಿಡಿಸಿ ಹೇಳಿದ.

"ಇವತ್ತು ಹರಕೆ ಅಂತ ಬಂದವರಲ್ಲಿ ನೀನು ಎರಡನೆಯವನು," ಎಂದು ಫಾದರ್ ನಕ್ಕರು. "ಪ್ರಾಣಭಯದಲ್ಲಿ ಬಾಯಿಗೆ ಬಂದದ್ದನ್ನ ತಾಯಿ ಹಿಡಿದು ಜಗ್ಗಲ್ಲ ಮಗಾ. ಹೊಟ್ಟೆಪಾಡಿನ ವಿಷಯ ಬೇರೆ. ಹೋಗು, ಬಿಡುಗಡೆ ಕೊಟ್ಟಿದೀನಿ. ಬದಲಿಗೆ ಒಂದು ಜಪಸರ ಹೇಳು ಸಾಕು."

"ಒಂದೇನಾ ಫಾದರ್?"

"ಇವತ್ತು ನನಗೆ ಸಂತೋಷದ ದಿನ. ಒಂದೇ ಸಾಕು."

ಆಮೆನ್ ಅವರ ಕೈಗೆ ಮುತ್ತಿಟ್ಟು, ಮುಂದಿನ ಬಾಗಿಲಿನಿಂದ ರಸ್ತೆಗೆ ಹಾರಿದ. ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಇನ್ಸ್‌ಪೆಕ್ಟರ ಹರಕೆಯಿಂದ ಲೈಸೆನ್ಸು, ಫಾದರ್ ಕೃಪೆಯಿಂದ ಬಿಡುಗಡೆ. ನಮ್ಮಂಥವರಿಗೆ ವರ್ಷಕ್ಕೊಂದು ಒಳ್ಳೆಯದಾದರೆ ಹೆಚ್ಚು. ಇವನಿಗೆ ಒಂದೇ ಹೊತ್ತಿನಲ್ಲಿ ಎರಡು. ದಾರಿಯಲ್ಲೇ ಜಪಸರ ಶುರು ಮಾಡಿ, ಬೇಕರಿಯ ಮೆಟ್ಟಿಲಿಗೆ ಮುಗಿಸಿದ.

ಯಜಮಾನರು ಹಿಟ್ಟಿನ ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಫಾದರ್ ಪ್ರಬೋಧನೆಗೆ ಮುಂಚೆಯೇ ಎದ್ದು ಹೋಗುವ ಮನುಷ್ಯ. ಅವರ ಕೈಯಲ್ಲಿ ಇವತ್ತು ಜಪಸರ ಇತ್ತು.

"ಪಾಸಾಯ್ತು ಯಜಮಾನ್ರೇ," ಎಂದು ಆಮೆನ್ ಹಾಳೆಯನ್ನು ಅವರ ಮುಂದೆ ಹರಡಿದ. "ಬೀಗದ ಕೈ ಕೊಡಿ, ಸಂಜೆ ಬ್ರೆಡ್ ನಾನೇ ತಗೊಂಡ್ಹೋಗ್ತೀನಿ."

ಯಜಮಾನರು ಹಾಳೆಯನ್ನು ನೋಡಿದರು, ಅವನನ್ನು ನೋಡಿದರು, ಉದ್ದಕ್ಕೆ ಉಸಿರು ಬಿಟ್ಟರು.

"ಬೀಗದ ಕೈ ಎಲ್ಲಿದೆಯಪ್ಪ. ಡ್ರೈವರ್ ನಿನ್ನೇನೇ ಬಿಟ್ಟ, ನೀನು ಟೆಸ್ಟ್ ಅಂತ ರಜ ಹಾಕ್ದೆ, ಬೆಳಿಗ್ಗೆ ನಾನೇ ವ್ಯಾನ್ ತಗೊಂಡು ಹೊರಟೆ. ಚರ್ಚ್ ಮುಂದೆ ಬರ್ತೀನಿ, ಎದುರಿಗೆ ಒಂದು ದರಿದ್ರ ಕಾರು, ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಒಳಗಿದ್ದವನು ಕಣ್ಣು ಮುಚ್ಕೊಂಡು ಏನೋ ಹೇಳ್ಕೋತಿದ್ದ. ಮುಖ ಸರಿಯಾಗಿ ಕಾಣಲಿಲ್ಲ, ಕಂಡಿದ್ರೆ ಇವತ್ತು ಅವನನ್ನ ಒಲೆಗೆ ಹಾಕ್ತಿದ್ದೆ."

ಆಮೆನ್ ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡ.

"ಮುಗೀತು ನನ್ನ ಕಥೆ ಅಂದ್ಕೊಂಡೆ," ಯಜಮಾನರು ಮುಂದುವರಿಸಿದರು. "ತಾಯೀ, ಜೀವ ಉಳಿಸು, ನಿನ್ನ ಚರ್ಚಿಗೆ ಕೊಡ್ತೀನಿ ಅಂದೆ. ಬೇಕರಿ ಅಂತಾನೇ ಬಾಯಿಗೆ ಬಂದಿತ್ತು. ಹೇಗೋ ತಡ್ಕೊಂಡು ವ್ಯಾನ್ ಅಂದೆ. ಚರ್ಚಿನ ಹಿಂದಿನ ಗೇಟಿಂದ ಹಾಗೇ ಒಳಗೆ ಹೋಗಿ ನಿಲ್ಲಿಸ್ದೆ. ಬ್ರೆಡ್ ಟ್ರೇ ಇಳಿಸ್ಕೊಳ್ಳೋಕೂ ಬಿಡಲಿಲ್ಲ ಫಾದರ್, ಬೀಗದ ಕೈ ಇಸ್ಕೊಂಡುಬಿಟ್ರು."

"ಫಾದರ್ ಹರಕೆ ಬಿಚ್ತಾರಲ್ಲ ಯಜಮಾನ್ರೇ. ಕೇಳಬಹುದಿತ್ತು," ಎಂದ ಆಮೆನ್.

"ಕೇಳದೆ ಬಿಡ್ತೀನಾ? ಬೇರೆ ಎಲ್ಲ ಹರಕೆ ಬಿಚ್ತೀನಿ, ಚರ್ಚಿಗೆ ಬಂದದ್ದನ್ನ ಬಿಚ್ಚೋಕೆ ನನಗೆ ಅಧಿಕಾರ ಇಲ್ಲ ಅಂದ್ರು."

"ಹಾಗಾದ್ರೆ ಚರ್ಚಿನ ವ್ಯಾನಿಗೆ ಡ್ರೈವರ್ ಬೇಕಾಗತ್ತೆ..."

"ಅವರೇ ಓಡಿಸ್ತಾರಂತೆ. ಮೂವತ್ತು ವರ್ಷದಿಂದ ಲೈಸೆನ್ಸ್ ಇಟ್ಕೊಂಡು ಗಾಡಿಗೆ ಕಾಯ್ತಿದ್ದರಂತೆ ಪಾಪ."

ಆಮೆನ್ ಮೂಟೆಯ ಇನ್ನೊಂದು ತುದಿಯಲ್ಲಿ ಕುಸಿದು ಕೂತ. ಯಜಮಾನರಿಗೆ ಅವನ ಮುಖ ನೋಡಿ ನಿಜವಾಗಿಯೂ ಕನಿಕರವಾಯಿತು. ಎದ್ದು ಹೋಗಿ, ಹಿಂದಿನ ಕೋಣೆಯಿಂದ ಹಳೆಯ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದರು. ಹಿಂದುಗಡೆ ಆಳೆತ್ತರದ ತಗಡಿನ ಪೆಟ್ಟಿಗೆ ಕಟ್ಟಿತ್ತು.

"ಅಂಗಡಿಗಳಿಗೆ ಬ್ರೆಡ್ ಅಂತೂ ಹೋಗಲೇಬೇಕಲ್ಲ. ನಾಳೆಯಿಂದ ಎಂಟು ಗಂಟೆವರೆಗೆ ಒಲೆ ನೋಡ್ಕೋ, ಆಮೇಲೆ ಇದನ್ನ ತಗೊಂಡು ಹೊರಡು. ಭಾವಮೈದುನನಿಗೆ ಬೇಡ ಅಂತ ಹೇಳಿ ಕಳಿಸಿದೀನಿ, ಈ ಕೆಲಸ ನಿನ್ನ ಕೈ ಬಿಟ್ಟು ಹೋಗಲ್ಲ," ಎಂದು ಅವನ ಹೆಗಲು ತಟ್ಟಿದರು. "ಇನ್ನೊಂದು ಅನುಕೂಲ ಏನು ಗೊತ್ತಾ, ಇದಕ್ಕೆ ಲೈಸೆನ್ಸೇ ಬೇಡ."